ಸ್ನಾನದ ತೊಟ್ಟಿಯಲ್ಲಿ ರೈ ಹುಲ್ಲು

ರಾತ್ರಿ ಪಾಳಿ ಮುಗಿಸಿ ಬಂದವಳಿಗೆ
ಬಿಸಿನೀರಲ್ಲಿ ಮುಳುಗಿ ಕೂರುವ ಆಸೆ.
ಬಾಗಿಲು ತೆರೆದರೆ ತೊಟ್ಟಿಯ ತುಂಬ ಹುಲ್ಲು.
ಒಂದು ಹಿಡಿಯಲ್ಲ, ಎರಡು ಹಿಡಿಯಲ್ಲ,
ಆಗಸ್ಟಿನ ರೈ ಹೊಲವೇ
ಕಾಲು ಚಾಚಿ ಮಲಗಿದೆ ನನ್ನ ಜಾಗದಲ್ಲಿ.

"ಒಣಗಿದ್ದು ಮುರಿಯುತ್ತೆ, ನೆಂದದ್ದು ಬಾಗುತ್ತೆ.
ನೀನು ಸಿಂಕಲ್ಲೇ ಮುಖ ತೊಳಕೋ"
ಅಡುಗೆಮನೆಯಿಂದ ಅತ್ತೆಯ ದನಿ,
ನಾಲ್ಕು ಮಾತಿಗೊಮ್ಮೆ ನಿಂತು, ಏದುಸಿರು ಬಿಟ್ಟು.

ಅತ್ತೆ ಬ್ರೋನೆ ಮೂವತ್ತೊಂದು ವರ್ಷ
ಉತೆನಾದ ಬೀದಿಗಳಲ್ಲಿ ಅಂಚೆ ಹಂಚಿದವರು.
ಸೈಕಲ್ಲು ತುಳಿದು ಉಳಿದ ಉಸಿರನ್ನು
ಈಗ ಕಾಸು ಕಾಸು ಎಣಿಸಿ
ಖರ್ಚು ಮಾಡುತ್ತಾರೆ.

ಯಂತ್ರ ಕೊಯ್ದ ಹುಲ್ಲು ಅವರಿಗೆ ಆಗದು,
ನಜ್ಜುಗುಜ್ಜಾಗಿರುತ್ತದಂತೆ, ಒಳಗಿನ ಗಾಳಿ ಸತ್ತಿರುತ್ತದಂತೆ.
ಅದಕ್ಕೇ ಅವರ ದೊಡ್ಡಪ್ಪನ ಮಗ ಜೇನ್ಯುಸ್
ಪ್ರತಿ ಬೇಸಿಗೆ, ಹೊಲದ ಒಂದು ಮೂಲೆಯನ್ನು
ಕುಡುಗೋಲಿನಿಂದ ಕೊಯ್ಯುತ್ತಾನೆ,
ಬೈದುಕೊಂಡೇ.

ಮೇಜಿನ ಸುತ್ತ ಮೂವರು:
ನನ್ನ ವಾಕಾರಿಸ್, ನನ್ನ ಉಗ್ನೆ,
ಕೆಳಮನೆಯ ಸುರಿಮೂಗಿನ ಮಾಂತ್ವಿದಾಸ್.
ಗಿಣ್ಣು ಬಿಟ್ಟು ಗಿಣ್ಣು ಬಿಟ್ಟು ಕತ್ತರಿಸು,
ಬೆರಳುದ್ದ, ಇನ್ನೂ ಬೆರಳುದ್ದ,
ನಿನ್ನ ಬೆರಳಲ್ಲ, ನನ್ನದು!

ಸೂಜಿ ಬೇಡ.
ದಾರದ ತುದಿಯನ್ನು ಹುಲ್ಲಿನ ಬಾಯಿಗಿಟ್ಟು
ಈಚೆ ತುದಿಯಿಂದ ಉಸಿರು ಎಳೆ,
ಕರು ಹಾಲೆಳೆದಂತೆ.
ಉಗ್ನೆ ಎಳೆದಳು. ಕಣ್ಣರಳಿದವು.
ನಾಲಿಗೆಯ ಮೇಲೆ ಕೆಂಪು ದಾರ:
ಕತ್ತಲಲ್ಲಿ ನಡೆದು ಬಂದ ನೆಂಟ.
ಮಾಂತ್ವಿದಾಸ್ ಒಂದು ಗೇಣು ನುಂಗಿಯೇಬಿಟ್ಟ,
ಗಾಳಕ್ಕೆ ಸಿಕ್ಕ ಮೀನಿನಂತೆ ಅವನನ್ನು
ಮೆಲ್ಲಗೆ ಬಿಡಿಸಿಕೊಂಡೆವು.

ಅತ್ತೆ ಒಮ್ಮೆ ಎಳೆದು ನೋಡಿದರು.
ದಾರ ಅರ್ಧ ದಾರಿಯಲ್ಲೇ ನಿಂತಿತು.
ಯಾರೂ ನೋಡಲಿಲ್ಲ ಎಂಬಂತೆ
ಹುಲ್ಲನ್ನು ಉಗ್ನೆಯ ಕಡೆ ದೂಡಿದರು.
ಉಳಿದದ್ದನ್ನು ಅವಳು ಎಳೆದಳು.

"ನಾವು ಮಾಡುವಾಗ ಪರದೆ ಎಳೀತಿದ್ವಿ.
ಹಬ್ಬದ ದಿನ ಶಾಲೆ ಇರ್ತಿತ್ತು.
ಅಮ್ಮ ಇದನ್ನ ಹಿಟ್ಟಿನ ಡಬ್ಬಿಲಿ ಬಚ್ಚಿಡ್ತಿದ್ಲು."
"ಕಳ್ಳರಿಗೆ ಹೆದರಿಯಾ?" ಅಂದ ವಾಕಾರಿಸ್.
"ಕಳ್ಳರಿಗೆ ಹುಲ್ಲು ಯಾಕೋ?"
ಅಷ್ಟೇ. ಅತ್ತೆ ಕತ್ತರಿ ಕೈಗೆತ್ತಿಕೊಂಡರು.
ನನಗೂ ಅದಕ್ಕಿಂತ ಹೆಚ್ಚು ಎಂದೂ ಹೇಳಿಲ್ಲ.

ಹನ್ನೆರಡು ಹುಲ್ಲು, ಎಂಟು ಮುಖ,
ಒಳಗೆ ಏನೂ ಇಲ್ಲ.
ಅಂಥವು ಹತ್ತೊಂಬತ್ತು ಆದ ಮೇಲೆ
ಅತ್ತೆಯ ಬೆರಳು ಒಂದರ ಮೇಲೆ ನಿಂತಿತು.
ಕಣ್ಣು ಮಂಜಾದ ಮೇಲೆ ಅವರು
ಬೆರಳಲ್ಲೇ ವಿಳಾಸ ಓದುತ್ತಾರೆ.
"ಇದು ಯಾವ ಹೊಲದ್ದು?"

ವಾಕಾರಿಸನ ಕಿವಿ ಕೆಂಪಾಯಿತು.
ಮುರಿದ ಹುಲ್ಲು ಅವನ ಜೇಬಿನಲ್ಲಿತ್ತು.
ಅದರ ಜಾಗದಲ್ಲಿ, ಹಸಿರು ಪಟ್ಟೆ ಹೊತ್ತು,
ಪ್ಲಾಸ್ಟಿಕ್ ಕೊಳವೆ.
"ಸೇಬಿನ ರಸದ್ದು" ಎಂದ.

ಫ್ರಿಜ್ಜಿನ ಗೊರಕೆ ಕೇಳುವಷ್ಟು ಮೌನ.
ಅತ್ತೆ ಮೂಸಿದರು. ಅದುಮಿದರು.
"ಇದಕ್ಕೆ ನೆನೆಸೋ ಗೋಜೇ ಇಲ್ಲ" ಎಂದರು.
"ನಡುವೆ ಕಟ್ಟು."

ಇಪ್ಪತ್ನಾಲ್ಕರ ಸಂಜೆ
ದೀಪದ ಕೆಳಗೆ ಅದು ತೂಗಿತು.
ಬಟ್ಟೆಯಡಿ ಒಣಹುಲ್ಲು ಹಾಸಿದ ಮೇಜು, ಮೀನು, ಬೀಟ್‌ರೂಟ್,
ಗಸಗಸೆ ಹಾಲಿನ ಬಟ್ಟಲು.
ಯಾರೂ ಮುಟ್ಟಲಿಲ್ಲ, ಆದರೂ ತಿರುಗಿತು:
ಸೂಪಿನ ಹಬೆಗೆ, ನಮ್ಮ ಮಾತಿಗೆ,
ಮಾಂತ್ವಿದಾಸನ ಸೀನಿಗಂತೂ ಗಿರಗಿರನೆ.

"ಎಲ್ಲರೂ ಉಸಿರು ಹಿಡೀರಿ,
ನಿಲ್ಲುತ್ತಾ ನೋಡೋಣ" ಅಂದಳು ಉಗ್ನೆ.
ಹಿಡಿದೆವು. ಕೆನ್ನೆ ಉಬ್ಬಿದವು.
ನಾನು ಅತ್ತೆಯನ್ನು ನೋಡುತ್ತ ಎಣಿಸಿದೆ:
ಐದು, ಆರು, ದಾದಿಯ ಅಭ್ಯಾಸ.
ಹುಲ್ಲು ನಿಧಾನವಾಯಿತು, ಇನ್ನೂ ನಿಧಾನ,
ಹಸಿರು ಪಟ್ಟೆ ನಮ್ಮತ್ತ ಬಂದು
ಇನ್ನೇನು ನಿಲ್ಲಬೇಕು,

ಮೊದಲು ಸೋತವರು ಬ್ರೋನೆ.
ಕೆಮ್ಮೋ ನಗುವೋ ತಿಳಿಯಲಿಲ್ಲ.
ಇಡೀ ಹೊಲ ಮತ್ತೆ ತಿರುಗತೊಡಗಿತು.