ಎಷ್ಟು ಎತ್ತರಕ್ಕೆ

"ಎಷ್ಟು ಎತ್ತರಕ್ಕೆ ಇಡಲಿ ಅಕ್ಕಾ?" ಅಂದ ಪೋಕರ್,
ಡ್ರಿಲ್ಲಿನ ಮೂತಿ ಗೋಡೆಗೆ ಒತ್ತಿಕೊಂಡೇ.
ಕಿವಿಯ ಮೇಲೆ ಪೆನ್ಸಿಲು, ಹಲ್ಲಿನ ನಡುವೆ
ಟೆಫ್ಲಾನ್ ಟೇಪಿನ ಬಿಳಿ ಬಾಲ.

ಎಸ್ಟೇಟಿನ ಕಣದಲ್ಲಿ ಕಾಫಿ ಹಣ್ಣು ತೂಗುವವಳು ನಾನು.
ನೂರು ಗ್ರಾಂ ಆಚೀಚೆಯಾದರೆ
ಮುಳ್ಳು ನೋಡದೆ ಹೇಳುತ್ತೇನೆ.
ಈ ಅಳತೆಯೊಂದು ಬಾಯಿಗೆ ಬರಲಿಲ್ಲ.

ಏಳು ವರ್ಷ ಸುಂಟಿಕೊಪ್ಪದ ಈ ಹಿತ್ತಲಿಗೆ
ನೀರು ಬಂದದ್ದು ಅಡುಗೆಮನೆಯ ಕಿಟಕಿ ಹಾರಿ:
ಹಸಿರು ಪೈಪಿನ ಒಂದು ತುದಿ ಸಿಂಕಿನ ನಲ್ಲಿಗೆ,
ಸೈಕಲ್ ಟ್ಯೂಬು ಸುತ್ತಿ, ಗೋಣಿದಾರ ಬಿಗಿದು.
ಹೊರಗಿದ್ದವರು ಕೂಗಬೇಕು, ಬಿಡೂ.
ಒಳಗಿದ್ದವರು ಕೂಗಬೇಕು, ಬಂತಾ?
ಅಷ್ಟರಲ್ಲಿ ಕಟ್ಟು ಕಳಚಿ
ಸಾರಿನ ಪಾತ್ರೆಯಲ್ಲಿ ಮಳೆ.
ನಮ್ಮ ಮನೆಯ ಅರ್ಧ ಜಗಳ
ಆ ಕಿಟಕಿಯ ಸರಳುಗಳ ನಡುವೆಯೇ ನಡೆದದ್ದು.
ಇನ್ನರ್ಧಕ್ಕೆ ಬೇರೆ ಜಾಗವಿದೆ.

ಎತ್ತರ ಅಂದರೆ,
ಗಂಬೂಟು ತೊಳೆಯಲು ಒಂದಡಿ ಸಾಕು.
ಬೆರಳ ಸಂದು ಬಿಡಿಸಿ ಜಿಗಣೆ ಹುಡುಕುವವರು
ಹೇಗೂ ಬಗ್ಗಿಯೇ ಇರುತ್ತಾರೆ.
ಕಣಿಲೆ ನೆನೆಹಾಕುವ ಡಬರಿಗೆ ಎರಡಡಿ ಬೇಕು,
ದಿನಾ ನೀರು ಬದಲಿಸಬೇಕಲ್ಲ.
ಭಾನುವಾರದ ಹಂದಿಮಾಂಸ ಐಯಣ್ಣನ ಪಾಲಿನ ಕೆಲಸ;
ಜೀಪು ಮಗುಚಿದ ವರ್ಷದಿಂದ
ಅವನ ಎಡಮಂಡಿ ಮಡಚುವುದಿಲ್ಲ.
ಅವನಿಗೆ ಸೊಂಟದ ಎತ್ತರ. ಅದನ್ನವನು ಕೇಳುವುದಿಲ್ಲ.
ಕೇಳುವವನಾಗಿದ್ದರೆ
ಕಿಟಕಿಯ ಜಗಳವೇ ಇರುತ್ತಿರಲಿಲ್ಲ.

ಪೂವಿ ಓಡಿ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು,
ನೆತ್ತಿಯ ಮೇಲೆ ಅಂಗೈ: "ನನಗೆ ಇಲ್ಲಿ."
ಬೇಲಿಯಾಚೆಯಿಂದ ಫಿಲೋಮಿನಾ ಬಾಯಿ:
"ಮೇಲಿಟ್ಟರೆ ಗೋಡೆಯೆಲ್ಲ ಸಿಡಿಯುತ್ತೆ,
ಕೆಳಗಿಟ್ಟರೆ ಸೊಂಟ ಹೋಗುತ್ತೆ, ನೋಡಿ ಮಾಡಿ."
ನೋಡುತ್ತಲೇ ಇದ್ದೆವು.
ಗೋಡೆಯ ಮೇಲೆ ಪೆನ್ಸಿಲಿನ ನಾಲ್ಕು ಗೆರೆ.

ಪೋಕರ್ ಗೋಣಿಚೀಲ ತಡಕಿ
ಪೈಪಿನ ತುಂಡೊಂದನ್ನು ಎತ್ತಿ ಹಿಡಿದ.
"ಇರುವುದು ಇಷ್ಟೇ. ಉದ್ದದ್ದು ಬೇಕಂದರೆ
ಕುಶಾಲನಗರ, ನಾಳೆ."
ಪಡುವಣದ ಗುಡ್ಡ ಆಗಲೇ ಕಾಣುತ್ತಿರಲಿಲ್ಲ.
ಆಯ್ತು, ಇಡಿ ಅಂದೆ.
ನಾಲ್ಕು ಗೆರೆಗಳಲ್ಲಿ ಯಾವುದಕ್ಕೂ ತಾಗದೆ
ಬಿತ್ತು ತೂತು.

ಮೊದಲು ಸುಣ್ಣ ಉದುರಿತು, ಆಮೇಲೆ ಬೂದು ಗಾರೆ,
ಆಮೇಲೆ ಇಟ್ಟಿಗೆಯ ಕೆಂಪು ಹಿಟ್ಟು
ಪೋಕರನ ರೆಪ್ಪೆಯ ಮೇಲೆ.
ಡ್ರಿಲ್ಲು ಹೊರಬಂದಾಗ ಬಗ್ಗಿ ಕಣ್ಣಿಟ್ಟೆ,
ನನ್ನದೇ ಒಲೆ ಹೇಗೆ ಕಾಣುತ್ತದೆ ನೋಡೋಣವೆಂದು.
ಕಂಡದ್ದು ಒಂದು ಕಣ್ಣು.
ಯಾವಾಗ ಒಳಗೆ ಓಡಿದ್ದಳೋ ಪೂವಿ!
ಇಬ್ಬರೂ ಮಿಟುಕಿಸಲಿಲ್ಲ.
"ಅಕ್ಕಾ, ಸರೀರಿ, ಅಂಟು ಒಣಗಿಹೋಗುತ್ತೆ" ಅನ್ನುತ್ತ ಅವನು
ನಮ್ಮಿಬ್ಬರ ನಡುವೆ ಪೈಪು ತೂರಿಸಿದ.

ಒಂದು ಗಂಟೆ ಕಾಯಬೇಕಂತೆ. ಚಹಾ ಆಯಿತು,
ಅವನ ಮಗಳ ನಿಕಾಹದ ಮಾತಾಯಿತು.
ವಾಲ್ವು ತಿರುಗಿಸಿದಾಗ
ಹಿತ್ತಾಳೆಯ ನಲ್ಲಿ ಮುದುಕನ ಹಾಗೆ ಕೆಮ್ಮಿ,
ಕೆಂಪು ಉಗುಳಿ, ಗಾಳಿ ಉಗುಳಿ,
ಕೊನೆಗೆ ನೀರು ಬಿಟ್ಟಿತು.
ಒಳಗಿನಿಂದ ಯಾರೂ ಕೂಗಲಿಲ್ಲ.
ರೂಢಿಯ ಬಾಯಿ, "ಬಂತು!" ಅಂದೆ ನಾನು,
ಯಾರಿಗೆ ಅಂತಿಲ್ಲ.

ಸಂಜೆ ಐಯಣ್ಣ ಬಂದು ನೋಡಿ ಏನೂ ಹೇಳಲಿಲ್ಲ.
ಸೌದೆಕೊಟ್ಟಿಗೆಯ ಹಿಂದಿನಿಂದ ಸೈಜುಗಲ್ಲೊಂದನ್ನು
ಉರುಳಿಸಿ ತಂದು ನಲ್ಲಿಯ ಕೆಳಗೆ ಕೂರಿಸಿದ.
"ಪೂವಿಗೆ ಎಟುಕಲಿ."
ಆಮೇಲೆ ಆಚೀಚೆ ನೋಡಿ
ತನ್ನ ಎಡಗಾಲನ್ನೇ ಅದರ ಮೇಲಿಟ್ಟ,
ನೆಟ್ಟಗೆ, ಮಡಚದೆ,
ನೀರು ಬಿಟ್ಟು ಬಹಳ ಹೊತ್ತು ನಿಂತಿದ್ದ.
ನಾನು ಕಿಟಕಿಯಿಂದ ನೋಡಿದ್ದು ಅವನಿಗೆ ಗೊತ್ತಿಲ್ಲ.

ತೊಟ್ಟಿಕ್ಕುತ್ತದೆ, ಸ್ವಲ್ಪ.
ಎರಡು ದಿನದಲ್ಲಿ ತಾನೇ ಕೂರುತ್ತದಂತೆ.
ರಾತ್ರಿ ಅಡಿಗೊಂದು ಮಗ್ಗು ಇಟ್ಟಿದ್ದೆ,
ಬೆಳಿಗ್ಗೆ ಎತ್ತಿ ಕೈಯಲ್ಲೇ ತೂಗಿದೆ:
ಮುನ್ನೂರೈವತ್ತು ಗ್ರಾಂ, ಮಗ್ಗು ಬಿಟ್ಟು.
ನಾಯಿಯ ತಟ್ಟೆಗೆ ಸುರಿದೆ.