ಬಲಗಡೆಯ ದಂಡ

ಮೊದಲು ಹಾರ್ನಿನ ಗುಂಡಿ.
ಎರಡೂ ಹೆಬ್ಬೆರಳು ಊರಿ ತಿರುವಿದರೆ ಕಳಚಿಕೊಳ್ಳುತ್ತದೆ,
ಕೆಳಗೊಂದು ಸ್ಪ್ರಿಂಗು, ತುಕ್ಕು, ಒಣಗಿದ ಜೇಡ.
ಆಮೇಲೆ ನಟ್ಟು. ಬಿಚ್ಚುವ ಮುನ್ನ
ಚಕ್ರಕ್ಕೂ ದಂಡಕ್ಕೂ ಸೇರಿಸಿ ಒಂದು ಗೀರು ಹಾಕಬೇಕು:
ಮರಳಿ ಕೂರಿಸುವ ದಿನ ನೆನಪು ಸಾಲದು, ಗೀರು ಬೇಕು
ಅನ್ನುತ್ತಾನೆ ಮುದುಕ ಯಮಂದೂ,
ಕಂಕುಳಲ್ಲಿ ಥರ್ಮಾಸು,
ಕೈಯಲ್ಲಿ ಕಹಿಸೊಪ್ಪಿನ ಕಷಾಯದ ಸೋರೆಬುರುಡೆ.

ಮೂವತ್ತೇಳನೆಯ ಇಸವಿಯ ಮಾರಿಸ್ ಇದು.
ಇಂಗ್ಲೆಂಡಿನಿಂದ ಹಡಗೇರಿ ಬಂದು
ಫ್ರಾಯ್ ಬೆಂಟೋಸಿನ ಹೊಳೆಕಟ್ಟೆಯಲ್ಲಿ ಇಳಿದು
ಹೆನೋವೇವಾ ಎಂಬ ಸೂಲಗಿತ್ತಿಯ ಕೈ ಸೇರಿದ್ದು.
ಈಗ ಅವಳ ಅಣ್ಣನ ಮೊಮ್ಮಗಳು ಮಿರ್ತಾ ತಂದು ನಿಲ್ಲಿಸಿದ್ದಾಳೆ:
ಸ್ಟಿಯರಿಂಗು ಎಡಕ್ಕೆ ಬರಲಿ,
ಬಲಕ್ಕೆ ಕೂತರೆ ನನಗೆ ಎದುರಿನ ಲಾರಿಯೇ ಕಾಣುವುದಿಲ್ಲ.

ಪುಲ್ಲರಿನ ಉಗುರು ಸಿಕ್ಕಿಸಿ ಬಿಗಿದೆ.
ಸೀಮೆಎಣ್ಣೆ ಹೊಯ್ದೆ, ಕಾಯಿಸಿದೆ, ಬೈದೆ.
ಮೂರು ದಿನ ಜಪ್ಪಯ್ಯ ಅಂದರೂ ಅಲುಗಲಿಲ್ಲ.
ನಾಲ್ಕನೆಯ ಬೆಳಗ್ಗೆ, ಯಾರೂ ಮುಟ್ಟದಿದ್ದಾಗ,
ಟಪ್ ಎಂದಿತು ಚಕ್ರ.
ನಾನು ಆಚೆ ಬ್ರೆಡ್ಡು ಕೊಯ್ಯುತ್ತಿದ್ದೆ.

ಇನ್ನು ದಂಡ.
ತಲೆ ಪೆಡಲುಗಳ ನಡುವೆ, ಕಾಲು ಸೀಟಿನ ಬೆನ್ನಿಗೆ,
ಡ್ಯಾಶಿನಡಿಯ ಹಿಡಿಕೆಯ ಎರಡು ಬೋಲ್ಟು ಸಡಿಲಿಸುವಾಗ
ಎಪ್ಪತ್ತು ಎಂಬತ್ತು ವರ್ಷದ ಧೂಳು ಕಣ್ಣಿಗೇ ಬಿತ್ತು.
ದಂಡದ ಹೊಟ್ಟೆಯೊಳಗಿಂದ ಹಾರ್ನಿನ ತಂತಿ,
ಬಟ್ಟೆ ಸುತ್ತಿದ್ದು, ಎಣ್ಣೆಯಲ್ಲಿ ನೆಂದದ್ದು,
ಗೇಣುಗೇಣಾಗಿ ಹೊರಬಂತು.
ಎಳೀಬೇಡ ಅಂದ ಯಮಂದೂ. ಸ್ವಲ್ಪ ತಿರುಗಿಸು, ಕಾಯಿ.
ಅದು ನೆಟ್ಟಗೆ ಬರುವುದಲ್ಲ, ಮೈ ಹೊರಳಿಸಿಕೊಂಡು ಬರುವುದು.

ಬಂತು. ಗೋಡೆಗೆ ಒರಗಿಸಿದರೆ ನನ್ನ ಎದೆಮಟ್ಟ.
ಬುಡದಿಂದ ಕಪ್ಪು ಎಣ್ಣೆ ತೊಟ್ಟಿಕ್ಕತೊಡಗಿತು.

ಎಡಗಡೆ ಅಳತೆ ಹಾಕೋಣವೆಂದು ರಬ್ಬರು ಚಾಪೆ ಎತ್ತಿದೆ.
ಅಲ್ಲಿ ಆಗಲೇ ಒಂದು ತೂತು,
ಮುಕ್ಕಾಲು ಕೊರೆದು ಬಿಟ್ಟದ್ದು.
ಅದರ ಮೇಲೆ ತಗಡಿನ ತೇಪೆ, ಎಂಟು ರಿವೆಟ್ಟು.
ಕೆರೆದು ನೋಡಿದರೆ ಅರ್ಧ ಎತ್ತಿನ ಚಿತ್ರ, ಎರಡು ಅಕ್ಷರ:
ಇದೇ ಊರಿನ ಕಾರ್ಖಾನೆಯ ಮಾಂಸದ ಡಬ್ಬಿ.

ಯಮಂದೂ ಬಗ್ಗಿ ರಿವೆಟ್ಟುಗಳನ್ನು ಒಂದೊಂದಾಗಿ ಮುಟ್ಟಿದ.
ನಮ್ಮಪ್ಪನ ಕೈ, ಅಂದ.

ನಲವತ್ತೈದರ ಸೆಪ್ಟೆಂಬರು. ಒಂದು ಬೆಳಗಿನ ಜಾವ
ದೇಶದ ರಸ್ತೆಯೆಲ್ಲ ಎಡದಿಂದ ಬಲಕ್ಕೆ ಮಗ್ಗುಲು ಬದಲಿಸಿತು,
ಇದ್ದ ಕಾರುಗಳ ಸ್ಟಿಯರಿಂಗು ಇದ್ದಲ್ಲೇ ಉಳಿಯಿತು.
ಹೆನೋವೇವಾ ಅಪ್ಪನ ಹತ್ತಿರ ತಂದಳು, ಆ ಕಡೆಗೆ ಹಾಕಿಕೊಡು ಅಂತ.
ನನಗೆ ಆರು ವರ್ಷ, ದೀಪ ಹಿಡಿದು ನಿಂತಿದ್ದೆ.
ಕೊರೆಯುತ್ತಿರುವಾಗ ಅವಳ ತಂಗಿ ಬಂದಳು, ಎಲ್ವಿರಾ.
ಒಳಗೆ ಬರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದಳು:
ಹಾಗಾದರೆ ಇನ್ನು ನಾನು ಎಲ್ಲಿ ಕೂರಲಿ?

ಅಷ್ಟೇ.
ಕೊರೆದದ್ದಕ್ಕೂ ಕೂಲಿ ಕೊಟ್ಟಳು ಹೆನೋವೇವಾ,
ಮುಚ್ಚಿದ್ದಕ್ಕೂ ಕೊಟ್ಟಳು.

ಓದು ಹತ್ತದ ಎಲ್ವಿರಾ, ರಕ್ತ ಕಂಡರೆ ತಲೆ ತಿರುಗುವ ಎಲ್ವಿರಾ,
ಯಾವ ಹೆರಿಗೆಯ ಕೋಣೆಯ ಹೊಸ್ತಿಲನ್ನೂ ದಾಟದವಳು,
ಎಡಗಡೆ ಕೂತು ಕುತ್ತಿಗೆ ಚಾಚಿ
ದನ ತುಂಬಿದ ಲಾರಿಯ ಆಚೆ ನೋಡಿ ಹೇಳುತ್ತಿದ್ದಳು:
ಬೇಡ.
ಬೇಡ.
ಈಗ.
ಇಪ್ಪತ್ತೆರಡು ವರ್ಷ, ರಾತ್ರಿಯೆನ್ನದೆ, ಮಂಜೆನ್ನದೆ,
ಈ ಸುತ್ತಿನ ಅರ್ಧ ಮಕ್ಕಳು
ಅವಳ ‘ಈಗ’ವನ್ನು ನಂಬಿ ಹುಟ್ಟಿದರು.
ಅವಳು ಹೋದ ಮೇಲೆ ಅಕ್ಕ ಯಾವ ಲಾರಿಯನ್ನೂ ದಾಟಲಿಲ್ಲ.
ಎಷ್ಟು ಹೊತ್ತಾದರೂ ಅದರ ಹಿಂದೆಯೇ, ಹೊಗೆ ಕುಡಿಯುತ್ತ.

ಯಮಂದೂ ಕಷಾಯಕ್ಕೆ ಮತ್ತೆ ಬಿಸಿನೀರು ಹೊಯ್ದುಕೊಂಡ.

ಡ್ರಿಲ್ಲಿನ ವಯರು ಗೋಡೆಯಲ್ಲೇ ಇದೆ, ತೆಗೆದಿಲ್ಲ.
ದಂಡ ಗೋಣಿಯ ಮೇಲೆ ಮಲಗಿದೆ, ಗೀರು ಮೇಲಾಗಿ.
ನಾಳೆ ಶನಿವಾರ, ಮಿರ್ತಾ ಬರುತ್ತಾಳೆ.
ತೇಪೆ ತೋರಿಸಬೇಕು.
ಜೊತೆಗೆ ಕೂರುವವರು ಯಾರಾದರೂ ಇದ್ದಾರೋ, ಅದನ್ನೂ ಕೇಳಬೇಕು.