ಬೆಲ್ಟು ಬಿಚ್ಚಿ

ಹೆಲ್ಯು ಮೊದಲ ದಿನ ಕೇಳಿದ್ದು ತೂಕವಲ್ಲ, ತಾರೀಖಲ್ಲ.
'ರಾತ್ರಿ ಎಚ್ಚರಾದರೆ ಎಲ್ಲಿಗೆ ಹೋಗುತ್ತೀ, ಪಿರೆತ್?'
ಅಡುಗೆಮನೆಗೆ, ಅಂದೆ.
'ಹೋಗಿ?'
ಚಮಚ ಎಣಿಸುತ್ತೇನೆ.
ಕಾರೆಲ್‌ಗೂ ಹೇಳದೆ ಇಟ್ಟುಕೊಂಡಿದ್ದ ಮಾತು
ರಬ್ಬರ್ ಬೂಟು ಬಾಗಿಲಲ್ಲೇ ಕಳಚಿ
ಹೆಬ್ಬೆರಳು ಇಣುಕುವ ಕಾಲುಚೀಲದಲ್ಲಿ
ನನ್ನೆದುರು ನಿಂತ ಈ ಮುದುಕಿಗೆ
ಸಲೀಸಾಗಿ ಸಿಕ್ಕಿಬಿಟ್ಟಿತು.

ಮೂವತ್ತು ಚಳಿಗಾಲ ಹಿಮದಾರಿಯ ಗೇಟು ಕಾದವಳು.
ಹಿಯುಮಾ ದ್ವೀಪಕ್ಕೂ ಆಚೆ ದಡಕ್ಕೂ ನಡುವೆ
ಕಡಲು ಹೆಪ್ಪುಗಟ್ಟಿದಾಗ
ಒಂದೊಂದೇ ಕಾರು ಬಿಡುತ್ತ
ಕಿಟಕಿಗೆ ಬಗ್ಗಿ ಎಲ್ಲರಿಗೂ ಅದೇ ಮಾತು:
ಬೆಲ್ಟು ಬಿಚ್ಚಿ.
ನಡುವೆ ನಿಲ್ಲಬೇಡಿ.
ನಿಧಾನ ಹೋದರೂ ಸೈ, ಜೋರು ಹೋದರೂ ಸೈ,
ನಡುವಣ ವೇಗ ಮಾತ್ರ ಬೇಡ,
ಕೆಳಗಿನ ನೀರು ನಿಮ್ಮ ಲಯ ಕಲಿತುಬಿಡುತ್ತದೆ.

ಈಗೀಗ ಕಡಲು ಗಟ್ಟಿಯಾಗುವುದೇ ಅಪರೂಪ.
ಗೇಟು ಹೋಯಿತು, ಹೆರಿಗೆಯ ಜೊತೆಗಾತಿಯಾದಳು.
'ಅಂಥ ವ್ಯತ್ಯಾಸವೇನಿಲ್ಲ,' ಅನ್ನುತ್ತಾಳೆ,
'ಗಾಡಿ ನನ್ನದಲ್ಲ, ದಾರಿಯೂ ನನ್ನದಲ್ಲ.'

ಬುಧವಾರ ಸಂಜೆ ಅವಳ ಹಬೆಮನೆ.
ಬೆಂಕಿ ಎಬ್ಬಿಸದೆ, ಬೆಚ್ಚಗಷ್ಟೇ.
ಮಸಿ ಹತ್ತಿದ ಗೋಡೆ, ಬರ್ಚ್ ಎಲೆಯ ವಾಸನೆ,
ಸವೆದು ನಡು ತಗ್ಗಾದ ಹಲಗೆ.
'ನನ್ನಜ್ಜಿ ಹುಟ್ಟಿದ್ದು ಇದರ ಮೇಲೆ.
ಅವಳ ಹೆಣ ತೊಳೆದದ್ದೂ ಇದರ ಮೇಲೇ. ಕೂರು.'
ಕೂತೆ. ಮತ್ತೆಲ್ಲಿ ಕೂರಲಿ?

ಹೋದ ಸಲ ನಾನು ಬಲು ಜಾಣೆ.
ಉಸಿರಿಗೆ ಲೆಕ್ಕ, ಚೀಲಕ್ಕೆ ಪಟ್ಟಿ,
ಫೋನಿನಲ್ಲಿ ಬೇನೆಯ ಗಂಟೆ ನಿಮಿಷ.
ಹೊರುವುದು ಗೊತ್ತಿತ್ತು, ಹೆರುವುದೂ ಬಂತು,
ಆಮೇಲಿನದು ಯಾವ ತರಗತಿಯಲ್ಲೂ ಇರಲಿಲ್ಲ.
ಉಕು ಮೂರು ಗಂಟೆ ಇದ್ದ.
ಮೊದಲ ಹಲ್ಲಿಗೆಂದು ಅಮ್ಮ ಕೊಂಡಿದ್ದ ಬೆಳ್ಳಿ ಚಮಚ
ಡ್ರಾಯರಿನ ಹಿಂಬದಿಯಲ್ಲಿದೆ.
ಹನ್ನೆರಡರವರೆಗೆ ಎಣಿಸುತ್ತೇನೆ, ನಿಲ್ಲಿಸುತ್ತೇನೆ.

ಇದನ್ನು ಹೇಳಿದಾಗ ಹೆಲ್ಯು ಮೈದಡವಲಿಲ್ಲ.
ಒಲೆಯ ಕಲ್ಲಿಗೆ ಒಂದು ಸೌಟು ನೀರು ಹೊಯ್ದಳು.
ಹಬೆ ಬಂತು, ಮುಖ ಕಾಣಿಸಲಿಲ್ಲ,
ಅಷ್ಟು ಹೊತ್ತು ಅತ್ತೆ.
ಈ ಮಗುವನ್ನು ಅವನಂತೆ ನೋಡಿದರೆ? ಅಂದೆ.
'ನೋಡುತ್ತೀ.'
ನೋಡಬಾರದಲ್ಲವೇ?
'ಬಾರದು. ಆದರೂ ನೋಡುತ್ತೀ.
ಅದು ಕೈಗೆ ಬಂದು ಕಿರುಚಿದ ಮೇಲೆ
ತನ್ನ ಮುಖ ತಾನೇ ತೋರಿಸಿಕೊಳ್ಳುತ್ತದೆ.'

'ಪ್ರಾರ್ಥನೆ ಬರುತ್ತಾ?'
ಇಲ್ಲ.
'ನನಗೂ ಇಲ್ಲ. ಹವಾಮಾನ ಹೇಳು ಅದಕ್ಕೆ.
ದಿನಾ ಮಲಗುವಾಗ. ಸುಳ್ಳು ಬೇಡ,
ಬಿಸಿಲಿಲ್ಲದಿದ್ದರೆ ಇಲ್ಲ ಅನ್ನು.'

ನಗು ಬಂದಿತ್ತು. ಆದರೂ ಹೇಳಿದೆ,
ಕಿಟಕಿಗೆ ಹೊಟ್ಟೆ ತಾಗಿಸಿ ನಿಂತು:
ಇವತ್ತು ಉತ್ತರದ ಗಾಳಿ, ಒಣ ಚಳಿ.
ಇವತ್ತು ಮಂಜು, ಹಡಗು ತಡ.
ಇವತ್ತು ನಿನ್ನಪ್ಪ ಹಿಮದಲ್ಲಿ ಜಾರಿ ಬಿದ್ದ, ಏನೂ ಆಗಿಲ್ಲ.
ಒಳಗಿನಿಂದ ಮೊಣಕೈಯೋ ಹಿಮ್ಮಡಿಯೋ,
ಯಾರೋ ಕೇಳಿಸಿಕೊಂಡ ಹಾಗೆ.
ಒಂದು ರಾತ್ರಿ ಹದಿಮೂರನೆಯದನ್ನೂ ಎಣಿಸಿದೆ.
ಕಪ್ಪಾಗಿತ್ತು. ಉಜ್ಜಲಿಲ್ಲ. ಜೇಬಿಗೆ ಹಾಕಿಕೊಂಡೆ.

ಈಗ ಬೆಳಗಿನ ಜಾವ ನಾಲ್ಕು. ಹಡಗಿನ ಹೊಟ್ಟೆಯಲ್ಲಿ ನಮ್ಮ ಕಾರು.
ಕಾರೆಲ್ ಎಂಜಿನ್ ಆರಿಸಿ
ಸ್ಟೇರಿಂಗ್ ಮಾತ್ರ ಬಿಡದೆ ಹಿಡಿದಿದ್ದಾನೆ.
ಬೇನೆ ಬಂತು, ಹೋಯಿತು. ಮತ್ತೆ ಬರುತ್ತದೆ.
ಬೆಲ್ಟು ಬಿಚ್ಚಿದೆ.
ಹೆಲ್ಯು ಅಲುಗುವ ನೆಲದ ಮೇಲೆ ನಡೆದು ಬಂದು
ಹಳೆಯ ಅಭ್ಯಾಸ, ಕಿಟಕಿಗೆ ಬಗ್ಗಿದಳು.
'ಹೇಳಿದೆಯಾ ಇವತ್ತಿನದು?'

ಇಲ್ಲ, ಇರು, ಹೇಳುತ್ತೇನೆ:
ನೈಋತ್ಯದ ಗಾಳಿ.
ಅಲ್ಲಲ್ಲಿ ತೇಲುವ ಹಿಮದ ಚೂರು, ಹಡಗಿಗೆ ಉಜ್ಜುವ ಸದ್ದು ನಿನಗೂ ಕೇಳಬೇಕು.
ಕತ್ತಲೆ ಇದೆ.
ದಡ ಇನ್ನೂ ಕಾಣುತ್ತಿಲ್ಲ.